ಅಂಗಾಲಿಗೆ ಇಟ್ಟ ಕೈ

ಅರಿವಳಿಕೆ ಕೊಡುವ ಡಾಕ್ಟರ ಮುಖ ರೋಗಿಗಳಿಗೆ ನೆನಪಿರುವುದಿಲ್ಲ. ನೆನಪಿದೆ ಎಂದರೆ ಎಲ್ಲೋ ಏನೋ ಕೈಕೊಟ್ಟಿದೆ ಎಂದೇ ತಿಳಿಯಬೇಕು. ಆಪರೇಷನ್ ಸುಸೂತ್ರವಾದರೆ ಪೇಢೆಯ ಡಬ್ಬಿ ಸರ್ಜನ್ನರ ಕೋಣೆಗೆ ಹೋಗುತ್ತದೆ. ನಾವು ಅಷ್ಟೊತ್ತಿಗೆ ಮುಂದಿನ ರೋಗಿಯ ಮುಂಗೈಯಲ್ಲಿ ರಕ್ತನಾಳ ಹುಡುಕುತ್ತಿರುತ್ತೇವೆ. ಇದಕ್ಕೆ ನನಗೆ ಬೇಸರವೇನೂ ಇಲ್ಲ. ಜನ ನನ್ನನ್ನು ಮರೆತಷ್ಟೂ ನನ್ನ ಕೆಲಸ ಸರಿಯಾಗಿದೆ ಎಂದುಕೊಂಡು ಇಷ್ಟು ವರ್ಷ ನೆಮ್ಮದಿಯಿಂದ ಧಾರವಾಡದಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದ್ದೇನೆ. ಆದರೆ ಉಪ್ಪಿನಬೆಟಗೇರಿಯ ಆ ಹುಡುಗಿಗೆ ನನ್ನ ಮುಖವೂ ನೆನಪಿದೆ, ನನ್ನ ಕೈಯೂ ನೆನಪಿದೆ.

ಹುಡುಗಿ ಪಿಯುಸಿ ಓದುತ್ತಿದ್ದಳು. ಬೆನ್ನುಮೂಳೆ ಬೆಳೆಯುತ್ತ ಬೆಳೆಯುತ್ತ ಪಕ್ಕಕ್ಕೆ ಬಾಗಿ, ಬಾಗಿದ್ದು ಸಾಲದೆಂಬಂತೆ ತಿರುಚಿಕೊಂಡು, ಬಲಗಡೆಯ ಪಕ್ಕೆಲುಬುಗಳನ್ನು ಹಿಂದಕ್ಕೆ ಗೂನಾಗಿ ಎಬ್ಬಿಸಿತ್ತು. ಕಾಲೇಜಿನ ಮೆಟ್ಟಿಲು ಹತ್ತಿದರೆ ಏದುಸಿರು. ಬಾಗು ಹೀಗೇ ಹೆಚ್ಚಿದರೆ ಶ್ವಾಸಕೋಶಕ್ಕೆ ಜಾಗ ಉಳಿಯುವುದಿಲ್ಲ ಎಂದು ನಮ್ಮ ಸರ್ಜನ್ ಹೇಳಿದ್ದರು. ಅವಳ ತಂದೆ ಕಾಳಿನ ವ್ಯಾಪಾರಿ, ಸಹಿ ಹಾಕುವಾಗ ಬಂದು ಹೋಗುವವರು. ಉಳಿದೆಲ್ಲದಕ್ಕೂ ಜೊತೆಗಿದ್ದವಳು ಆಯಿ, ಅಂದರೆ ತಂದೆಯ ತಾಯಿ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ, ಮಾತು ಚೂರು ಹೆಚ್ಚು. ನನ್ನಂಥ ಸಿಡುಕಿಯನ್ನೂ ಎರಡು ಮಾತಿಗೆ ನಗಿಸುವ ಹೆಂಗಸು.

ಆಪರೇಷನ್ನಿನ ಹಿಂದಿನ ದಿನ ನಾನು ವಾರ್ಡಿಗೆ ಹೋದಾಗ ಹುಡುಗಿ ಗೋಡೆ ಕಡೆ ಮುಖ ಮಾಡಿ ಮಗ್ಗುಲಾಗಿ ಮಲಗಿದ್ದಳು. ಗೂನಿನಿಂದಾಗಿ ಅವಳಿಗೆ ಮಲಗುವುದಕ್ಕೆ ಅದೊಂದೇ ದಾರಿ. ನೆಟ್ಟಗೆ ನಿಲ್ಲುವ ಆಸೆಯೇ ಎಂದು ಕೇಳಿದೆ. ಎಲ್ಲರೂ ಅದನ್ನೇ ಹೇಳುತ್ತಾರೆ.

"ನಿಲ್ಲೂದು ಹೆಂಗರ ಆಗ್ಲಿರಿ," ಎಂದಳು. "ಒಮ್ಮೆ ಅಂಗಾತ ಮಲಗಬೇಕ್ರಿ. ಬ್ಯಾಸಗ್ಯಾಗ ಎಲ್ಲಾರೂ ಮಾಳಿಗಿ ಮ್ಯಾಲ ಮಲಗತಾರ್ರಿ. ನನಗ ಬರೇ ಆಯಿ ಮೂಗು ಕಾಣಸ್ತೈತಿ, ಚುಕ್ಕಿ ಕಾಣಸೂದಿಲ್ಲ."

"ನನ್ನ ಮೂಗಿಗೇನಾಗೇತಿ?" ಎಂದಳು ಆಯಿ.

ನಾನು ಬಂದ ಕೆಲಸ ಬೇರೆ ಇತ್ತು. ಈ ಆಪರೇಷನ್ನಿನಲ್ಲಿ ಮೂಳೆಮೂಳೆಗೂ ಎಡಕ್ಕೊಂದು ಬಲಕ್ಕೊಂದು ಸ್ಕ್ರೂ ಹಾಕಿ, ಅವುಗಳ ತಲೆಗೆ ಉದ್ದನೆಯ ರಾಡು ಕೂರಿಸಿ, ರಾಡನ್ನು ತಿರುಗಿಸುತ್ತ ಬೆನ್ನನ್ನು ನೇರ ಮಾಡುತ್ತಾರೆ. ಭಯವಿರುವುದು ಮೂಳೆಗಲ್ಲ, ಮೂಳೆಯೊಳಗೆ ಹಾದುಹೋಗುವ ಬೆನ್ನುಹುರಿಗೆ. ಕಿರುಬೆರಳಿನಷ್ಟೂ ದಪ್ಪವಿಲ್ಲದ ಮೆತ್ತನೆಯ ಹುರಿ. ಕಾಲು ಎತ್ತು, ಬೆರಳು ಮಡಿಸು ಎಂದು ಮೆದುಳಿನ ಮೇಲ್ಪದರದಲ್ಲಿ ಹುಟ್ಟುವ ಪ್ರತಿಯೊಂದು ಅಪ್ಪಣೆಯೂ ಅದರೊಳಗೇ ಇಳಿದು ಸೊಂಟದ ಹತ್ತಿರ ಎರಡನೆಯ ನರಕೋಶದ ಕೈಗೆ ಹೋಗುತ್ತದೆ, ಅಲ್ಲಿಂದ ಸ್ನಾಯುವಿಗೆ. ಬಾಗಿದ ಬೆನ್ನಿನಲ್ಲಿ ಹುರಿಯೂ ಬಾಗಿಯೇ ಬೆಳೆದಿರುತ್ತದೆ. ಒಮ್ಮೆಲೇ ನೇರ ಮಾಡಿದರೆ ಅದು ಬಿಗಿದುಕೊಂಡು ರಕ್ತ ಸಾಲದೆ ಸುಮ್ಮನಾಗಬಹುದು. ರೋಗಿ ಬೋರಲಾಗಿ ನಿದ್ದೆಯಲ್ಲಿರುತ್ತಾನೆ. ಕಾಲು ಹೋಗಿದೆ ಎಂದು ಯಾರಿಗೆ ಗೊತ್ತಾಗಬೇಕು?

ಅದಕ್ಕೊಂದು ಯಂತ್ರವಿದೆ. ನೆತ್ತಿಯ ಚರ್ಮಕ್ಕೆ ಸೂಜಿ ಚುಚ್ಚಿ, ಕಾಲಿನ ಅಪ್ಪಣೆ ಹುಟ್ಟುವ ಜಾಗಕ್ಕೆ ಸಣ್ಣ ವಿದ್ಯುತ್ತಿನ ಹೊಡೆತ ಕೊಡುತ್ತಾರೆ. ಆ ಸುದ್ದಿ ಹುರಿಯಲ್ಲಿ ಇಳಿದು ಕಾಲಿನ ಸ್ನಾಯುವಿಗೆ ಮುಟ್ಟಿದರೆ ಪರದೆಯ ಮೇಲೆ ಅಲೆ ಮೂಡುತ್ತದೆ. ರೋಗಿಯ ಇಚ್ಛೆ ಬೇಕಿಲ್ಲ. ಅವಳು ಮಲಗಿದ್ದಾಗ ಅವಳ ಸಹಿಯನ್ನು ಯಂತ್ರವೇ ಹಾಕಿಬಿಡುತ್ತದೆ. ಹೊರಗಿನಿಂದ ಒಬ್ಬ ತಂತ್ರಜ್ಞೆ ಆ ಯಂತ್ರ ತರುವವಳಿದ್ದಳು. ಆದರೆ ಯಂತ್ರ ಎಷ್ಟೋ ಸಲ ಸುಮ್ಮಸುಮ್ಮನೆ ಹೆದರಿಸುತ್ತದೆ. ಆಗ ಉಳಿಯುವುದು ಹಳೆಯ ಪದ್ಧತಿ: ಬೆನ್ನು ತೆರೆದಿರುವಾಗಲೇ ರೋಗಿಯನ್ನು ಎಬ್ಬಿಸಿ, ಕಾಲು ಅಲ್ಲಾಡಿಸು ಎಂದು ಕೇಳುವುದು. ಅದಕ್ಕೆ ಮೊದಲೇ ತಾಲೀಮು ಮಾಡಿಸಿರಬೇಕು.

"ನೋಡವಾ, ನಾಳೆ ನಡುವ ಸ್ವಲ್ಪ ಹೊತ್ತು ನಿನ್ನ ಎಬ್ಬಸಬೇಕಾಗಬಹುದು," ಎಂದೆ. "ನೋವಾಗೂದಿಲ್ಲ. ಬಾಯಾಗ ನಳಿ ಇರತೈತಿ, ಮಾತಾಡಾಕ ಬರೂದಿಲ್ಲ. ನಾ ಹೇಳಿದ್ದಷ್ಟ ಮಾಡು. ಮೊದಲ ನನ್ನ ಕೈ ಹಿಚುಕು."

ಹಿಚುಕಿದಳು. ಕೈಯ ಅಪ್ಪಣೆ ಕುತ್ತಿಗೆಯಲ್ಲೇ ಹೊರಬೀಳುತ್ತದೆ, ಆಪರೇಷನ್ ಆಗುವ ಜಾಗಕ್ಕಿಂತ ಮೇಲೆ. ಕೈ ಹಿಚುಕಿದರೆ ಎಚ್ಚರವಿದೆ, ಮಾತು ತಿಳಿದಿದೆ ಎಂದರ್ಥ. ಆಮೇಲೂ ಕಾಲು ಬರಲಿಲ್ಲವೆಂದರೆ ಹುರಿಗೆ ಪೆಟ್ಟಾಗಿದೆ ಎಂದರ್ಥ. ಪರೀಕ್ಷೆ ಇಷ್ಟೇ, ಸರಳ.

ಮಂಚದ ಕೊನೆಗೆ ಹೋಗಿ ಅವಳ ಎರಡೂ ಅಂಗಾಲಿಗೆ ನನ್ನ ಅಂಗೈ ಇಟ್ಟೆ. "ಈಗ ನನ್ನ ಕೈ ಒದಿ."

ಹುಡುಗಿ ಬೆಂಕಿ ತಗಲಿದವಳಂತೆ ಕಾಲು ಮಡಿಚಿಕೊಂಡಳು. "ಅಯ್ಯ, ನಿಮ್ಮ ಕೈ ಅದಾವಲ್ರೀ!"

"ಅದಕ್ಕ ಒದಿ ಅನ್ನಾಕತ್ತೇನಿ."

"ಹೆಂಗ ಒದೀತಾಳ್ರೀ ಬಾಯಾರ?" ಆಯಿ ನಡುವೆ ಬಾಯಿ ಹಾಕಿದಳು. "ದೊಡ್ಡವರಿಗೆ ಕಾಲ ತಗಲಸಬಾರದಂತ ಕೂಸಿದ್ದಾಗಿಂದ ಕಲಿಸೇನಿ. ನಿದ್ದಿಗಣ್ಣಾಗ ನನಗ ಕಾಲ ತಗಲಿದ್ರೂ ಎದ್ದು ನಮಸ್ಕಾರ ಮಾಡಿ ಮತ್ತ ಮಲಗತಾಳ."

"ನಾಳೆ ಒಂದಿನ ನಿಮ್ಮ ಪಾಠ ಮರೀಲಿ ಬಿಡ್ರಿ ಆಯಿ."

ಬಹಳ ಪುಸಲಾಯಿಸಿದ ಮೇಲೆ ಹುಡುಗಿ ಕಾಲು ಚಾಚಿದಳು. ಹೆಂಚು ಕಾದಿದೆಯೋ ಇಲ್ಲವೋ ನೋಡುವಷ್ಟು ಮೆಲ್ಲಗೆ ನನ್ನ ಅಂಗೈ ಒತ್ತಿದಳು. ಮರುಗಳಿಗೆ ಕಷ್ಟಪಟ್ಟು ಮುಂದೆ ಬಾಗಿ, ನನ್ನ ಕೈ ಮುಟ್ಟಿ, ಬೆರಳುಗಳನ್ನು ಕಣ್ಣಿಗೊತ್ತಿಕೊಂಡಳು. ನನಗೆ ನಗು ಬಂತು. ಸಂಜೆ ಚಹಾ ಕುಡಿಯುವಾಗ ಸರ್ಜನ್ನರಿಗೆ ಇದನ್ನು ತಮಾಷೆಯಾಗಿ ಹೇಳಿದೆ. ಅವರೂ ನಕ್ಕರು. ಮಾತು ಕಡಿಮೆಯ ಮನುಷ್ಯ, ನಗುವುದೂ ಅಳತೆಯಲ್ಲಿ.

ಬೆಳಿಗ್ಗೆ ಓಟಿಯ ಹಿರಿಯ ಸಿಸ್ಟರ್ ಹುಡುಗಿಯ ಕೂದಲನ್ನು ಎರಡು ಹೆರಳು ಹೆಣೆದು, ನೆತ್ತಿಯ ಸೂಜಿಗಳಿಗೆ ಜಾಗ ಬಿಟ್ಟು ಕಟ್ಟಿದರು. ಇಪ್ಪತ್ತೈದು ವರ್ಷದಿಂದ ಅದೇ ಓಟಿಯಲ್ಲಿರುವ ತಲೆನೆರೆತ ಹೆಂಗಸು. ರೋಗಿಗಳನ್ನೆಲ್ಲ ಮಗಳ, ಮಗನ ಎಂದೇ ಕರೆಯುವವರು. ಹುಡುಗಿಯ ಕೊರಳಿನ ಲಿಂಗವನ್ನು ಮೈಯಿಂದ ದೂರ ಮಾಡಬಾರದೆಂದು ಆಯಿ ಹಟ ಹಿಡಿದಿದ್ದಳು. ಅದರ ಬೆಳ್ಳಿಯ ಕರಡಿಗೆ ಆಯಿಯ ಕೈಗೆ ಹೋಯಿತು. ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಹುಡುಗಿಯ ರಟ್ಟೆಗೆ ಕಟ್ಟಿದೆವು. ಇಂಥದಕ್ಕೆ ನಮ್ಮಲ್ಲಿ ಯಾರೂ ತಕರಾರು ಮಾಡುವುದಿಲ್ಲ.

ಯಂತ್ರದ ಅಲೆ ಕೆಡದಿರಲೆಂದು ಅನಿಲ ಬಿಟ್ಟು ಬರೀ ರಕ್ತನಾಳದ ಮೂಲಕವೇ ನಿದ್ದೆಯ ಔಷಧಿ ಹರಿಸಿದೆ. ಸ್ನಾಯು ಸಡಿಲಿಸುವ ಮದ್ದು ಗಂಟಲಿಗೆ ನಳಿ ಹಾಕುವಾಗ ಒಮ್ಮೆ ಕೊಟ್ಟಿದ್ದು ಬಿಟ್ಟರೆ ಮತ್ತೆ ಕೊಡಲಿಲ್ಲ. ಬೋರಲು ಮಲಗಿಸಿ, ಕಣ್ಣು ಒತ್ತದಂತೆ ಮುಖಕ್ಕೆ ದಿಂಬು ಹೊಂದಿಸುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತ್ತು. ಎರಡೂ ಕಾಲಿನ ಅಲೆ ಚೆನ್ನಾಗಿ ಎತ್ತರಕ್ಕಿವೆ ಎಂದಳು ತಂತ್ರಜ್ಞೆ. ಸ್ಕ್ರೂಗಳು ಒಂದೊಂದಾಗಿ ಇಳಿದವು. ಬಾಗಿನ ತುದಿಯಲ್ಲಿ ಮೂಳೆಗಳು ಬಿಗಿಯಾಗಿದ್ದವು. ಅಲ್ಲಿ ಕೀಲುಗಳನ್ನು ಕತ್ತರಿಸಿ ಬೆನ್ನನ್ನು ಸಡಿಲ ಮಾಡಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಮೊದಲ ರಾಡು ಕೂತಿತು. ಸರ್ಜನ್ ಅದನ್ನು ಹಿಡಿದು ನಿಧಾನಕ್ಕೆ ತಿರುಗಿಸಿದರು. ಪಕ್ಕಕ್ಕೆ ವಾಲಿದ್ದ ಮೂಳೆಗಳ ಸಾಲು ಕಣ್ಣೆದುರೇ ನೇರವಾಗುತ್ತ ಬಂದಿದ್ದನ್ನು ನಾನು ನಡುವೆ ಕಟ್ಟಿದ್ದ ಬಟ್ಟೆಯ ಮೇಲಿಂದ ಇಣುಕಿ ನೋಡಿದೆ. ಎಷ್ಟು ಸಲ ನೋಡಿದರೂ ಅದು ಚಂದದ ನೋಟ.

"ಸರ್, ಎಡಗಾಲಿನ ಅಲೆ ಹೋಯ್ತು," ಎಂದಳು ತಂತ್ರಜ್ಞೆ. ಸ್ವಲ್ಪ ಹೊತ್ತಿಗೆ, "ಬಲಗಾಲಿಂದೂ ಹೋಗ್ತಾ ಇದೆ."

ಓಟಿಯಲ್ಲಿ ಏನೇ ಕೆಟ್ಟರೂ ಮೊದಲ ನೋಟ ಅರಿವಳಿಕೆಯವರ ಕಡೆಗೆ; ಅತ್ತೆಮನೆಯಲ್ಲಿ ಹಾಲು ಉಕ್ಕಿದರೆ ಎಲ್ಲರೂ ಸೊಸೆಯ ಮುಖ ನೋಡಿದ ಹಾಗೆ. ನಾನೂ ನನ್ನನ್ನೇ ಮೊದಲು ಅನುಮಾನಿಸಿದೆ. ಔಷಧಿಯ ಪಂಪು ನೋಡಿದೆ, ಸರಿಯಿತ್ತು. ರಕ್ತದೊತ್ತಡ ತುಸು ಇಳಿದಿತ್ತು. ಹುರಿಗೆ ರಕ್ತ ನುಗ್ಗಲೆಂದು ಏರಿಸಿದೆ. ಮೈ ತಣ್ಣಗಾಗಿದೆಯೇ ಎಂದು ನೋಡಿ ಬಿಸಿಗಾಳಿಯ ಹೊದಿಕೆ ಹೆಚ್ಚಿಸಿದೆ. ರಕ್ತ ಹೋಗಿದ್ದಷ್ಟು ಕೊಟ್ಟಿದ್ದಾಗಿತ್ತು. ತಂತ್ರಜ್ಞೆ ಸೂಜಿಗಳನ್ನೆಲ್ಲ ಒತ್ತಿ ನೋಡಿದಳು. ಸರ್ಜನ್ ರಾಡನ್ನು ಹಿಂದಕ್ಕೆ ತಿರುಗಿಸಿ ಸಡಿಲ ಬಿಟ್ಟರು. ನೇರವಾಗಿದ್ದ ಸಾಲು ಮತ್ತೆ ವಾಲಿತು. ಅಲೆಗಳು ಮಾತ್ರ ಬರಲಿಲ್ಲ.

ಈಗ ಉಳಿದದ್ದು ಎರಡೇ. ಒಂದೋ ಯಂತ್ರ ಸುಳ್ಳು ಹೇಳುತ್ತಿದೆ, ಇಲ್ಲವೇ ಹುಡುಗಿಯ ಕಾಲು ಹೋಗಿವೆ. ಹೋಗಿದ್ದರೆ ಹಾಕಿದ ಎಲ್ಲ ಸ್ಕ್ರೂ, ರಾಡು ತೆಗೆದು ಹುರಿಯನ್ನು ಅದರ ಪಾಡಿಗೆ ಬಿಡಬೇಕು. ಆದರೆ ಕೀಲುಗಳನ್ನು ಕತ್ತರಿಸಿಯಾಗಿತ್ತು. ಆಧಾರವಿಲ್ಲದ ಆ ಬೆನ್ನು ಅಲುಗಾಡುತ್ತಲೇ ಇರುತ್ತದೆ, ಅಲುಗಿದಾಗಲೆಲ್ಲ ಹುರಿಗೇ ಪೆಟ್ಟು. ತಿಂಗಳುಗಟ್ಟಲೆ ಹಾಸಿಗೆ. ಮತ್ತೊಮ್ಮೆ ಬೆನ್ನು ತೆರೆಯುವ ಧೈರ್ಯ ಯಾರಿಗೂ ಬರಲಾರದು. ಗೂನು ಮೊದಲಿಗಿಂತ ಕೆಡುತ್ತದೆ.

"ಎಬ್ಬಿಸ್ರಿ," ಎಂದರು ಸರ್ಜನ್.

ಎಬ್ಬಿಸುವುದು ಹೇಳಿದಷ್ಟು ಸುಲಭವಲ್ಲ. ಬೋರಲು ಮಲಗಿದ ರೋಗಿ ದಿಗಿಲಿನಿಂದ ಎದ್ದು ಮೈ ಕೊಡವಿದರೆ ನಳಿ ಕಿತ್ತುಬರಬಹುದು, ಸ್ಕ್ರೂಗಳು ಸಡಿಲಾಗಬಹುದು. ನಿದ್ದೆಯ ಪಂಪು ನಿಲ್ಲಿಸಿದೆ. ನೋವಿನ ಔಷಧಿಯನ್ನು ಎಳೆಯಷ್ಟು ಉಳಿಸಿಕೊಂಡೆ. ತೆರೆದ ಬೆನ್ನಿಗೆ ಒದ್ದೆ ಬಟ್ಟೆ ಮುಚ್ಚಿದರು. ನಾನು ಮೇಜಿನ ಕೆಳಗೆ ಕುಕ್ಕರಗಾಲಲ್ಲಿ ಕೂತು, ಅವಳ ಕಿವಿಯ ಹತ್ತಿರ ಬಾಯಿ ತಂದು, ಕೈ ಹಿಡಿದುಕೊಂಡೆ. ಸಣ್ಣ ಕದಲಿಕೆಯೂ ತಪ್ಪಿಹೋಗದಿರಲೆಂದು ಸಿಸ್ಟರ್ ಆ ಕೊನೆಗೆ ಹೋಗಿ ಎರಡೂ ಅಂಗಾಲಿಗೆ ಅಂಗೈ ಇಟ್ಟು ನಿಂತರು. ಪುಸ್ತಕದಲ್ಲಿರುವ ಪದ್ಧತಿಯೇ ಅದು.

ಹೆಸರು ಹಿಡಿದು ಕರೆದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ರೆಪ್ಪೆ ಅದುರಿತು.

"ಕೈ ಹಿಚುಕವಾ."

ಹಿಚುಕಿದಳು. ಚೆನ್ನಾಗಿಯೇ.

"ಭೇಷ್. ಈಗ ಕಾಲ ಒದಿ."

ಕಾದೆವು. "ಏನೂ ಇಲ್ಲರೀ ಮೇಡಂ," ಎಂದರು ಸಿಸ್ಟರ್.

ಮತ್ತೆ ಕೈ ಕೇಳಿದೆ; ಹಿಚುಕಿದಳು. ಮತ್ತೆ ಕಾಲು ಕೇಳಿದೆ. ಏನೂ ಇಲ್ಲ. ಸಿಸ್ಟರ್ ತಾವೇ ಬಾಗಿ, "ಒದಿ ಮಗಳ, ನನ್ನ ಕೈ ಒದಿ," ಎಂದು ಅಂಗಾಲನ್ನು ಮೃದುವಾಗಿ ಒತ್ತಿದರು. ಇಲ್ಲ.

ಸರ್ಜನ್ ಕೈಗವಸಿನ ಬೆರಳುಗಳನ್ನು ಒಂದಕ್ಕೊಂದು ಹೆಣೆದು ಎದೆಯ ಮುಂದೆ ಹಿಡಿದು ನಿಂತಿದ್ದರು. "ಎರಡೂ ಕಾಲ ಇಲ್ಲಂದಮ್ಯಾಲ ತಡಾ ಮಾಡೂದು ಬ್ಯಾಡ. ಮಲಗಸ್ರಿ. ಎಲ್ಲಾ ತಗದುಬಿಡ್ತೇನಿ."

ನನ್ನ ಎಡಗೈ ಪಂಪಿನ ಗುಂಡಿಯ ಮೇಲಿತ್ತು. ಬಲಗೈಯನ್ನು ಹುಡುಗಿ ಇನ್ನೂ ಹಿಡಿದುಕೊಂಡಿದ್ದಳು, ನಾನು ಹೇಳದಿದ್ದರೂ. ಅದೇ ಕೈಯನ್ನು ಹಿಂದಿನ ದಿನ ಅವಳು ಕಣ್ಣಿಗೊತ್ತಿಕೊಂಡಿದ್ದು. ನಿದ್ದಿಗಣ್ಣಾಗ ತಗಲಿದ್ರೂ ಎದ್ದು ನಮಸ್ಕಾರ ಮಾಡತಾಳ ಎಂದಿದ್ದಳು ಆಯಿ. ಈಗ ಅವಳಿದ್ದದ್ದೂ ನಿದ್ದೆಗಣ್ಣಿನಲ್ಲೇ.

"ಒಂದ ನಿಮಿಷ ತಡೀರಿ ಸರ್," ಎಂದೆ. "ಸಿಸ್ಟರ್, ಕಾಲ ಮ್ಯಾಲಿನ ಕೈ ತಗೀರಿ."

"ಮತ್ತ ಅಲ್ಲಾಡಿದ್ದು ಹೆಂಗ ಗೊತ್ತಾಗಬೇಕ್ರಿ?"

"ಕಣ್ಣಿಲೆ ನೋಡ್ರಿ. ಮುಟ್ಟಬ್ಯಾಡ್ರಿ. ದೂರ ಸರೀರಿ."

ಸರ್ಜನ್ ನನ್ನ ಕಡೆ ನೋಡಿದರು. ಚಹಾದ ಹೊತ್ತಿನ ತಮಾಷೆ ಅವರಿಗೂ ನೆನಪಾಗಿರಬೇಕು, ಸಿಸ್ಟರಿಗೆ ಸರಿಯುವಂತೆ ಕಣ್ಸನ್ನೆ ಮಾಡಿದರು. ನಾನು ಕಿವಿಯಲ್ಲಿ ಹೇಳಿದೆ: "ಅಲ್ಲಿ ಯಾರೂ ಇಲ್ಲವಾ. ಯಾರ ಕೈನೂ ಇಲ್ಲ. ಬರೇ ಗಾಳಿ ಐತಿ. ಗಾಳಿಗೆ ಒದಿ."

"ಬಲಗಾಲ ಬಂತ್ರಿ!" ಸಿಸ್ಟರ್ ಕೂಗಿಯೇಬಿಟ್ಟರು. ಮೊದಲು ಬೆರಳು, ಆಮೇಲೆ ಇಡೀ ಪಾದ. ಇನ್ನೊಮ್ಮೆ ಹೇಳಿದೆ, ಇನ್ನೊಮ್ಮೆ ಬಂತು. ಅವರು ಮಾಸ್ಕಿನ ಮೇಲೆಯೇ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು.

"ಎಡಗಾಲ?" ಎಂದರು ಸರ್ಜನ್.

ಎಡಗಾಲು ಎಂದು ಹೇಳಿದೆ. ಎಡಗಾಲಿಗೂ ಗಾಳಿಯೇ ಎಂದು ಹೇಳಿದೆ. ಹುಡುಗಿಯ ಕೈ ನನ್ನ ಬೆರಳುಗಳನ್ನು ಮುರಿಯುವಷ್ಟು ಹಿಡಿಯಿತು. ಎಡಗಾಲು ಬರಲಿಲ್ಲ. ಮೂರು ಸಲ ಕೇಳಿ, ನಾಲ್ಕನೆಯದನ್ನು ಕೇಳುವ ಮನಸ್ಸಾಗದೆ ಮಲಗಿಸಿದೆ.

ಕಾಲಿನ ಅಪ್ಪಣೆ ಮೆದುಳಿನ ಬಲಭಾಗದಲ್ಲಿ ಹುಟ್ಟಿದರೆ ಎಡಗಾಲಿಗೆ ಹೋಗುತ್ತದೆ, ಎಡಭಾಗದಲ್ಲಿ ಹುಟ್ಟಿದರೆ ಬಲಗಾಲಿಗೆ. ದಾರಿಗಳು ಅಡ್ಡ ಹಾಯುವುದು ಕುತ್ತಿಗೆಗಿಂತ ಮೇಲೆ, ತಲೆಬುರುಡೆಯ ತಳದಲ್ಲಿ. ಒಮ್ಮೆ ದಾಟಿದ ಮೇಲೆ ಎಡಗಾಲಿನ ಅಪ್ಪಣೆ ಹುರಿಯ ಎಡಮಗ್ಗುಲಲ್ಲೇ ಕೆಳಗಿಳಿಯುತ್ತದೆ. ಎರಡೂ ಕಾಲು ಹೋಗಿದ್ದರೆ ಹುರಿ ಪೂರ್ತಿ ಬಿಗಿದಿದೆ ಎಂದಾಗುತ್ತಿತ್ತು. ಒಂದೇ ಕಾಲು ಹೋಗಿದೆ, ಬಲಗಾಲಿನ ಮಟ್ಟಿಗೆ ಯಂತ್ರ ಸುಮ್ಮನೆ ಹೆದರಿಸಿದೆ ಎಂದರೆ ಎಡಮಗ್ಗುಲಲ್ಲಿ ಏನೋ ಒತ್ತುತ್ತಿದೆ. ಸರ್ಜನ್ನರಿಗೆ ಇದನ್ನು ನಾನು ಹೇಳಬೇಕಿರಲಿಲ್ಲ. ಅವರ ಕೈ ಆಗಲೇ ಬಾಗಿನ ತುದಿಯ ಎಡಗಡೆಯ ಸ್ಕ್ರೂಗಳತ್ತ ಹೋಗಿತ್ತು. ಎರಡನೆಯದನ್ನು ಬಿಚ್ಚಿ, ಸಣ್ಣ ಸಲಾಕೆಯಿಂದ ಅದರ ರಂಧ್ರದ ಗೋಡೆಯನ್ನು ಮುಟ್ಟುತ್ತ ಹೋದವರು ಒಂದು ಕಡೆ ನಿಂತರು. ತಿರುಚಿದ ಮೂಳೆಯ ಒಳಗೋಡೆ ಕಾಗದದಷ್ಟು ತೆಳ್ಳಗಿದ್ದು ಬಿರಿದಿತ್ತು. ರಾಡು ತಿರುಗಿಸಿದಾಗ ಸ್ಕ್ರೂ ಒಳಕ್ಕೆ ಸರಿದು ಹುರಿಯ ಎಡಮಗ್ಗುಲಿಗೆ ತಾಗಿತ್ತು.

"ಇಲ್ಲೈತಿ," ಎಂದರು. ಅಷ್ಟೇ.

ಆ ಸ್ಕ್ರೂ ಒಂದನ್ನು ಬಿಟ್ಟು ಉಳಿದವನ್ನು ಇಟ್ಟುಕೊಂಡರು. ಪೂರ್ತಿ ನೇರ ಮಾಡುವ ಆಸೆ ಬಿಟ್ಟು, ಬೆನ್ನು ತಾನಾಗಿ ಎಷ್ಟಕ್ಕೆ ಒಪ್ಪುತ್ತದೋ ಅಷ್ಟಕ್ಕೆ ರಾಡು ಬಿಗಿದು ನಿಲ್ಲಿಸಿದರು. ಅರ್ಧ ಬಾಗು ಉಳಿಯಿತು. ಹೊಲಿಗೆ ಹಾಕುವ ಹೊತ್ತಿಗೆ ಬಲಗಾಲಿನ ಅಲೆ ಮೊದಲಿನಷ್ಟೇ ಎತ್ತರಕ್ಕೆ ಬಂದಿತ್ತು. ತಂತ್ರಜ್ಞೆ ಎಡಗಾಲಿನದನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದಳು. ಸಾಕು ಬಿಡವಾ ಎಂದು ನಾನೇ ಹೇಳಬೇಕಾಯಿತು.

ಬಾಗಿಲ ಹೊರಗೆ ತಂದೆಯೂ ಆಯಿಯೂ ನಿಂತಿದ್ದರು. ಸರ್ಜನ್ ಸುತ್ತಿಬಳಸಿ ಹೇಳುವವರಲ್ಲ. "ಎಡಗಾಲಿಗೆ ಹೋಗೂ ನರಕ್ಕ ಪೆಟ್ಟು ಬಿದ್ದೈತಿ. ಸ್ಕ್ರೂ ಸರದಿತ್ತು. ಹಾಕಿದಾವ ನಾನ." ಆಯಿ ಕೇಳಿದ್ದು ಒಂದೇ: "ಇನ್ನೊಂದ ಕಾಲ?"

"ಅದು ಛಲೋ ಐತ್ರಿ."

ಕೈಯಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡು ಆಯಿ ಅಲ್ಲೇ ನೆಲಕ್ಕೆ ಕೂತಳು.

ಮರುದಿನ ಐಸಿಯುನಲ್ಲಿ ನಳಿ ತೆಗೆದ ಮೇಲೆ ಹುಡುಗಿ ನನ್ನನ್ನು ನೋಡಿ, "ಕನಸಿನ್ಯಾಗ ನೀವು ಒದಿ ಒದಿ ಅನ್ನಾಕತ್ತಿದ್ರಿ," ಎಂದಳು. ಗಂಟಲು ಒಡೆದಿತ್ತು.

"ಮತ್ತ ಯಾಕ ಒದೀಲಿಲ್ಲವಾ?"

"ಯಾರೋ ಕಾಲ ಹಿಡಕೊಂಡಿದ್ರಲ್ರೀ. ಯಾರ ಕೈಯೋ ಏನೋ. ಹೆಂಗ ಒದೀಲ್ರೀ?"

ವೈದ್ಯಕೀಯ ಓದುವಾಗ ಐಚ್ಛಿಕ ಚಲನೆ ಎಂದರೆ ಮಾಡುವುದು ಎಂದಷ್ಟೇ ಕಲಿತಿದ್ದೆ. ಮಾಡದೆ ಇರುವುದೂ ಒಂದು ಅಪ್ಪಣೆಯೇ, ಅದೂ ಅದೇ ಮೆದುಳಿನಿಂದ, ಕೆಲವೊಮ್ಮೆ ಹೆಚ್ಚು ಜೋರಾಗಿ ಬರುತ್ತದೆ ಎಂದು ನನಗೆ ಹೀಗೆ ಮನವರಿಕೆಯಾಗಬೇಕಿರಲಿಲ್ಲ.

ಆಮೇಲಿನ ವಾರಗಳನ್ನು ನೆನೆಸಿಕೊಳ್ಳಲು ನನಗೆ ಇಷ್ಟವಿಲ್ಲ. ಅರಿವಳಿಕೆಯವರಿಗೆ ವಾರ್ಡಿನಲ್ಲೇನು ಕೆಲಸ ಎಂದು ಯಾರಾದರೂ ಕೇಳಿಯಾರೆಂದು ಹೊರಡುವ ಮುನ್ನ ಸುಮ್ಮನೆ ಹಾದುಹೋಗುವವಳಂತೆ ಹೋಗುತ್ತಿದ್ದೆ. ಅರ್ಧ ಹುರಿಯ ಪೆಟ್ಟು ವಿಚಿತ್ರವಾದದ್ದು; ಬಿಸಿಯ ಸುದ್ದಿ ಮಾತ್ರ ಹುರಿಯೊಳಗೇ ಆಚೆ ಮಗ್ಗುಲಿಗೆ ದಾಟಿ ಮೇಲೇರುತ್ತದೆ. ಬಲಗಾಲು ಹೇಳಿದ್ದು ಕೇಳುತ್ತಿತ್ತು, ಆದರೆ ಅದಕ್ಕೆ ಬಿಸಿನೀರು ತಿಳಿಯುತ್ತಿರಲಿಲ್ಲ. ಎಡಗಾಲಿಗೆ ಬಿಸಿನೀರು ತಿಳಿಯುತ್ತಿತ್ತು, ಆದರೆ ಅದು ಹೇಳಿದ್ದು ಕೇಳುತ್ತಿರಲಿಲ್ಲ; ಎಲ್ಲಿದೆ, ಹೇಗೆ ಬಿದ್ದಿದೆ, ಯಾರು ಸವರುತ್ತಿದ್ದಾರೆ ಎಂಬ ಸುದ್ದಿಯೂ ಹುಡುಗಿಗೆ ಮುಟ್ಟುತ್ತಿರಲಿಲ್ಲ. ಸ್ನಾನದ ನೀರನ್ನು ಆಯಿಯೇ ಕೈಯಿಂದ ಮುಟ್ಟಿ ನೋಡಬೇಕು ಎಂದು ಕಲಿಸಿದೆವು. ಒಂದು ಮಾತ್ರ ಈಡೇರಿತ್ತು. ಗೂನು ತಗ್ಗಿದ್ದರಿಂದ ತೆಳುವಾದ ದಿಂಬು ಕೊಟ್ಟರೆ ಹುಡುಗಿ ಅಂಗಾತ ಮಲಗುತ್ತಿದ್ದಳು. ಮೇಲೆ ನೋಡಲು ವಾರ್ಡಿನ ಫ್ಯಾನು ಇತ್ತು.

ಒಂದು ಸಂಜೆ ನಾನು ವಾರ್ಡಿನ ಬಾಗಿಲಿಗೆ ಬರುತ್ತಿದ್ದಂತೆ ಆಯಿ ಓಡಿಬಂದಳು. "ಬಾಯಾರ, ಲಗೂನ ಬರ್ರಿ! ಕಾಲ ಬಂತು!" ಅಂಗಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಎಡಗಾಲು ಜಿಗಿದು ಎಣ್ಣೆಯ ಬಟ್ಟಲನ್ನೇ ಉರುಳಿಸಿತ್ತಂತೆ. ವಾರ್ಡಿಗೆಲ್ಲ ಸಕ್ಕರೆ ಹಂಚಲು ಆಯಿ ಆಗಲೇ ಯಾರನ್ನೋ ಅಂಗಡಿಗೆ ಕಳಿಸಿದ್ದಳು.

ನನಗೆ ನೋಡುವ ಮೊದಲೇ ಗೊತ್ತಿತ್ತು. ಆದರೂ ಬೀಗದ ಕೈಯಿಂದ ಅಂಗಾಲನ್ನು ಗೀರಿದೆ. ಹೆಬ್ಬೆರಳು ಮೇಲಕ್ಕೆದ್ದಿತು, ಮೊಣಕಾಲು ಮಡಿಚಿತು. "ಈಗ ನೀನ ಒಮ್ಮೆ ಕಾಲ ಎಳಕೋವಾ," ಎಂದೆ. ಹುಡುಗಿ ಕಣ್ಣು ಮುಚ್ಚಿ ಪ್ರಯತ್ನಿಸಿದಳು. ಏನೂ ಆಗಲಿಲ್ಲ.

ಆಯಿಯನ್ನು ಮಂಚದಿಂದ ತುಸು ಆಚೆಗೆ ಕರೆದು ಮೆಲ್ಲಗೆ ಹೇಳಿದೆ. "ಇದು ಆಕಿ ಮಾಡಿದ್ದಲ್ಲರೀ ಆಯಿ. ಬೆನ್ನುಹುರಿ ತನ್ನಷ್ಟಕ್ಕ ತಾನ ಮಾಡಿದ್ದು."

"ಆಕಿ ಕಾಲ, ಆಕಿ ಬೆನ್ನ. ಮತ್ತ ಆಕಿ ಮಾಡಿಲ್ಲಂದ್ರ ಯಾರ್ ಮಾಡಿದ್ರು?"

"ಮ್ಯಾಲಿಂದ ಬರೂ ಮಾತು ಬರೇ 'ಮಾಡು' ಅಂತಲ್ಲರೀ. ಬಾಳ ಮಟ್ಟಿಗೆ 'ಸುಮ್ನಿರು' ಅಂತಿರತೈತಿ. ದೊಡ್ಡ ಮನ್ಯಾಗ ಹಿರೇರ ಹಂಗ. ಆ ಮಾತ ಕೇಳಸದಂಗಾದ್ರ ಕೆಳಗಿನವರು ಮುಟ್ಟಿದ್ದಕ್ಕೆಲ್ಲಾ ಜಿಗ್ದಾಡ್ತಾರ. ಇನ್ನ ಮುಂದ ಇದು ಹೆಚ್ಚ ಆಗಬಹುದು. ಆದ್ರ ಅದು ಆಕಿ ಅಲ್ಲ."

ಆಯಿ ನಂಬಲಿಲ್ಲ. ನನ್ನನ್ನು ಬಿಟ್ಟು ಮಂಚದ ಕೊನೆಗೆ ಕೂತು, ಎಣ್ಣೆಗೈಯಿಂದ ಅಂಗಾಲನ್ನು ಮತ್ತೆ ತಿಕ್ಕಿದಳು. ಕಾಲು ಜಿಗಿದು ಅವಳ ಮೊಣಕೈಗೆ ಬಡಿಯಿತು, ಬಳೆ ಸದ್ದಾಗುವಷ್ಟು ಜೋರಾಗಿ. ಆಯಿ ತಲೆಯೆತ್ತಿ ಮೊಮ್ಮಗಳ ಕೈ ನೋಡಿದಳು. ಆ ಕೈ ನಮಸ್ಕಾರಕ್ಕೆ ಏಳಲಿಲ್ಲ, ಹಾಸಿಗೆಯ ಮೇಲೆ ಬಿದ್ದಲ್ಲೇ ಇತ್ತು. ಹುಡುಗಿ ಫ್ಯಾನು ನೋಡುತ್ತಿದ್ದಳು. ಆಯಿ ಕಾಯುತ್ತಲೇ ಇದ್ದಳು.

"ಏನಾತು ಆಯಿ? ಬಳಿ ಸಪ್ಪಳಾತು," ಎಂದಳು ಹುಡುಗಿ. "ನಾ ಏನರ ಮಾಡಿದ್ನೇನು?"

"ಇಲ್ಲವಾ. ನೀ ಏನೂ ಮಾಡಿಲ್ಲ."

ಆಯಿ ಸೀರೆಯ ಸೆರಗಿನಿಂದ ಆ ಪಾದದ ಎಣ್ಣೆ ಒರೆಸಿ ಹೊದಿಕೆಯೊಳಗೆ ಸೇರಿಸಿದಳು. ನನ್ನತ್ತ ತಿರುಗಿ ತಗ್ಗಿದ ದನಿಯಲ್ಲಿ, "ಹೌದ್ರೀ ಬಾಯಾರ, ಇದು ಆಕಿ ಅಲ್ಲ," ಎಂದಳು. ಸಕ್ಕರೆ ಬಂದಾಗ ಅದನ್ನು ಹಾಗೇ ಚೀಲಕ್ಕೆ ಹಾಕಿಕೊಂಡಳು. ನಾನು ಬಸ್ಸಿನಲ್ಲಿ ಉಣಕಲ್ ಕೆರೆ ದಾಟುವವರೆಗೆ ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಅವರು ಊರಿಗೆ ಹೋದರು. ಚಳಿಗಾಲ ಕಳೆದ ಮೇಲೆ ಒಂದು ದಿನ ಸರ್ಜನ್ ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಹುಡುಗಿ ಬಂದಿದ್ದಳು. ಕೈಯಲ್ಲಿ ಕೋಲು, ಎಡಗಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟಿಕ್ ಪಟ್ಟಿ. ನಡೆಯುವಾಗ ಎಡಗಾಲು ನೆಲ ಕೆರೆಯುತ್ತ ಬರುತ್ತಿತ್ತು. ಕಾಲೇಜು ಬಿಟ್ಟಿದ್ದಳು, ಮೆಟ್ಟಿಲು ಹತ್ತಲು ಮೊದಲು ಉಸಿರು ಸಾಲುತ್ತಿರಲಿಲ್ಲ, ಈಗ ಕಾಲು ಸಾಲುತ್ತಿರಲಿಲ್ಲ. "ಮಾಳಿಗಿ ಹತ್ತೂದ ಆಗವಲ್ದರಿ," ಎಂದಳು, ನಾನು ಕೇಳುವ ಮೊದಲೇ. ಜೊತೆಗೆ ಬಂದಿದ್ದ ಆಯಿ ಈಗ ಮಾತು ಕಡಿಮೆ ಮಾಡಿದ್ದಾಳೆ.

"ನೀವ ನೋಡ್ರಿ," ಎಂದು ಸರ್ಜನ್ ನನಗೆ ಹೇಳಿ ಕಿಟಕಿಯ ಕಡೆ ಹೋಗಿ ನಿಂತರು. ಎಡಗಾಲಿನ ಪರೀಕ್ಷೆಯನ್ನು ತಾವೇ ಮಾಡಲು ಅವರಿಗೆ ಆಗುತ್ತಿರಲಿಲ್ಲ.

ಪಟ್ಟಿ ಬಿಚ್ಚಿ, ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ಬಲ ಅಂಗಾಲಿಗೆ ಕೈ ಇಟ್ಟೆ. "ಒದಿ." ವ್ಯಾಯಾಮ ಮಾಡಿಸುವವರ ಕೈ ಒದ್ದು ಒದ್ದು ಅವಳಿಗೆ ರೂಢಿಯಾಗಿತ್ತು, ಜೋರಾಗಿಯೇ ಒದ್ದಳು. ಹಳೆಯದರಲ್ಲಿ ಬಿಟ್ಟುಹೋಗದೆ ಉಳಿದದ್ದು ಒಂದೇ. ಬಾಗಿ ನನ್ನ ಕೈ ಮುಟ್ಟಿ ಬೆರಳನ್ನು ಕಣ್ಣಿಗೊತ್ತಿಕೊಂಡಳು.

ಎಡ ಅಂಗಾಲಿಗೆ ಕೈ ಇಟ್ಟೆ. "ಒದಿ."

ಅವಳ ದವಡೆ ಬಿಗಿಯಿತು. ಕುತ್ತಿಗೆಯ ನರ ಎದ್ದಿತು. ಎರಡೂ ಕೈ ಹಾಸಿಗೆಯ ಬಟ್ಟೆಯನ್ನು ಮುದ್ದೆಯಾಗಿ ಹಿಡಿದವು, ಹಣೆಯಲ್ಲಿ ಬೆವರು ಮೂಡಿತು. ನನ್ನ ಅಂಗೈ ಕಾಯುತ್ತಿತ್ತು. ಆ ಪಾದ ಬೆಚ್ಚಗಿತ್ತು, ಮೃದುವಾಗಿತ್ತು, ಒಂದಿಷ್ಟೂ ಕದಲಲಿಲ್ಲ. ಸರ್ಜನ್ ಕಿಟಕಿಯಿಂದ ತಿರುಗಿರಲಿಲ್ಲ.

"ಸಾಕವಾ," ಎಂದು ಕೈ ತೆಗೆದೆ.

ಅವಳು ಏದುಸಿರು ಬಿಡುತ್ತ ಮುಂದೆ ಬಾಗಿದಳು. ಹಿಂದೆ ಸರಿಯುತ್ತಿದ್ದ ನನ್ನ ಕೈಯನ್ನು ಹಿಡಿದು, ಮುಟ್ಟಿ, ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು.

"ಈಗ್ಯಾಕವಾ?" ಎಂದೆ. "ಈ ಕಾಲ ನನಗ ತಗಲಲಿಲ್ಲಲ್ಲ."

"ತಗಲಲಿಲ್ಲ ಖರೇರೀ," ಎಂದಳು. "ನಾ ಒದ್ದೇನಲ್ರೀ."